ಲಿನಕ್ಸಿಗೆ ಬಂದ ಎಸ್‌ಕ್ಯೂಎಲ್ ಸರ್ವರ್

ಶಿಕಾರಿಪುರದ ರೈತನಿಗೆ ಪಹಣಿಯೇ ಹೊಲದ ಸಾಕ್ಷಿ. ಅದು ತಾಲ್ಲೂಕು ಕಚೇರಿಯ ಗಣಕಯಂತ್ರದಿಂದ ದೊರೆಯುವಂತಾದುದು 2000ದ ಸುಮಾರಿನ ‘ಭೂಮಿ’ ಯೋಜನೆಯಿಂದ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಒಳಗೊಂಡ ಆ ಯೋಜನೆಯ ಮೊದಲ ತಂತ್ರಾಂಶವು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರನ್ನು ಆಶ್ರಯಿಸಿತ್ತು. ಆ ಡೇಟಾಬೇಸಾದರೋ ಅಂದು ವಿಂಡೋಸಿನ ಮೇಲೆ ಮಾತ್ರ ನಡೆಯತಕ್ಕದ್ದು. ದಾಖಲೆ ಸರಕಾರದ್ದು, ಅದರ ನೆಲಗಟ್ಟು ಒಂದೇ ಕಂಪೆನಿಯದು.

2017ರ ಅಕ್ಟೋಬರಿನಲ್ಲಿ ಈ ಕಟ್ಟು ಸಡಿಲವಾಯಿತು. ಮುಕ್ತ ತಂತ್ರಾಂಶವಾದ ಲಿನಕ್ಸಿಗೆ ಅದನ್ನು ತರುವಾಗ ಕಂಪೆನಿಯವರು ಎಲ್ಲವನ್ನೂ ಮರಳಿ ಬರೆಯಲಿಲ್ಲ. ಡೇಟಾಬೇಸು ವಿಂಡೋಸಿನಿಂದ ಬೇಡುತ್ತಿದ್ದ ಸೇವೆಗಳನ್ನು ತಾನೇ ಒದಗಿಸಿ, ಉಳಿದುದನ್ನು ಲಿನಕ್ಸಿನಿಂದ ಕೇಳಿ ತರುವ ಪದರವೊಂದನ್ನು ನಡುವೆ ಇರಿಸಿದರು. ಒಕ್ಕಲು ಅದೇ, ಜಮೀನು ಬೇರೆ ಎನ್ನೋಣ. ಇದನ್ನು ಪೂರ್ಣ ಬಿಡುಗಡೆಯೆಂದು ನಾವು ಒಪ್ಪಲಾರೆವು: ಡೇಟಾಬೇಸಿನ ಮೂಲಸಂಹಿತೆ ಇಂದಿಗೂ ಕಂಪೆನಿಯ ಕೈಯಲ್ಲೇ ಇದೆ.