ಮಿದುಳಿನ ವಿಕಿರಣ ಶಸ್ತ್ರಚಿಕಿತ್ಸೆಯೂ ಅದರ ಹಿಂದಿನ ವೈದ್ಯಸಮುದಾಯವೂ

ಚರಕಸಂಹಿತೆಯು ಚಿಕಿತ್ಸೆಯನ್ನು ನಾಲ್ಕು ಪಾದಗಳ ಮೇಲೆ ನಿಲ್ಲಿಸಿದೆ. ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬಿವೇ ಆ ನಾಲ್ಕು ಪಾದಗಳು. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆಯು ನೆಟ್ಟಗೆ ನಡೆಯಲಾರದೆಂಬುದು ಪ್ರಾಚೀನರ ಅಭಿಪ್ರಾಯ. ರೋಗಿಯ ಉಪಚಾರವು ಒಬ್ಬನ ಪ್ರತಿಭೆಯಿಂದ ಮಾತ್ರ ಸಾಗುವಂಥದಲ್ಲ, ಹಲವರ ಕೂಡುಕೆಲಸದಿಂದ ಸಾಗುವಂಥದು ಎಂಬ ತಿಳಿವಳಿಕೆ ಶಿಕಾರಿಪುರದ ಸೀಮೆಗೂ ಹೊಸದಲ್ಲ. ಇದೇ ತಾಲ್ಲೂಕಿನ ಬಳ್ಳಿಗಾವೆಯ ಕ್ರಿ.ಶ. ೧೧೬೨ರ ಶಾಸನವು ಅಲ್ಲಿಯ ಕೋಡಿಯಮಠವನ್ನು ವರ್ಣಿಸುವಾಗ, ವೇದ ವ್ಯಾಕರಣ ದರ್ಶನಗಳ ಅಧ್ಯಯನಕ್ಕೆ ನೆಲೆಯಾದ ಆ ಸ್ಥಾನವು ಹಸಿದವರಿಗೆ ಅನ್ನವನ್ನೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯನ್ನೂ ನೀಡುತ್ತಿದ್ದಿತೆಂದು ಕೊಂಡಾಡಿದೆ.

ಎಂಟುನೂರು ವರ್ಷಗಳಿಗೂ ಮಿಕ್ಕಿದ ಕಾಲ ಕಳೆದಿದೆ. ಇಂದು ಈಸೂರು, ಶಿಕಾರಿಪುರ, ಸೊರಬದ ಕಡೆಯ ಮನೆಗಳಲ್ಲಿಯೂ ‘ಗಾಮಾ ನೈಫ್’ ಎಂಬ ಮಾತು ಆಗೊಮ್ಮೆ ಈಗೊಮ್ಮೆ ಕೇಳಿಬರುತ್ತದೆ. ಮಿದುಳಿನಲ್ಲಿ ಗಡ್ಡೆಯಿದೆಯೆಂದು ವೈದ್ಯರು ಹೇಳಿದೊಡನೆ ಮನೆಮಂದಿಯೆಲ್ಲ ದಿಗ್ಭ್ರಾಂತರಾಗುವುದು ಸಹಜ. ಆ ಹೊತ್ತಿನಲ್ಲಿ, ತಲೆಯನ್ನು ಕೊಯ್ಯದೆಯೇ ಗುಣಪಡಿಸುವ ಯಂತ್ರವೊಂದಿದೆಯಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಂಜೀವಿನಿಯೇ ಸಿಕ್ಕಂತಾಗುತ್ತದೆ. ಆದರೆ ಈ ಸುದ್ದಿಯೊಡನೆ ಎರಡು ತಪ್ಪು ಕಲ್ಪನೆಗಳೂ ಸೇರಿಬರುತ್ತವೆ. ಈ ಚಿಕಿತ್ಸೆಯು ಮಿದುಳಿನ ಎಲ್ಲ ಗಡ್ಡೆಗಳಿಗೂ ಸಲ್ಲುವುದೆಂಬುದು ಒಂದು. ಎಲ್ಲವನ್ನೂ ಯಂತ್ರವೇ ಮಾಡುವುದೆಂಬುದು ಇನ್ನೊಂದು. ಮೊದಲನೆಯದರಿಂದ ಕಾಲಹರಣವಾಗಿ ಪ್ರಾಣಕ್ಕೇ ಸಂಚಕಾರ ಬಂದೀತು. ಎರಡನೆಯದರಿಂದ ಆ ಯಂತ್ರದ ಹಿಂದೆ ನಿಂತು ದುಡಿಯುವ ಜನರು ಮರೆಯಾಗುತ್ತಾರೆ. ಚರಕನ ನಾಲ್ಕು ಪಾದಗಳ ಕ್ರಮದಲ್ಲಿಯೇ ಈ ಚಿಕಿತ್ಸೆಯನ್ನು ಪರಿಶೀಲಿಸಿ ಆ ಎರಡೂ ಕಲ್ಪನೆಗಳನ್ನು ತಿದ್ದುವುದು ಈ ಲೇಖನದ ಉದ್ದೇಶ.

ಚಿಕಿತ್ಸೆಯ ಸ್ವರೂಪ

ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ ಎಂಬವರು ೧೯೫೧ರಲ್ಲಿ ಈ ವಿಧಾನದ ಕಲ್ಪನೆಯನ್ನು ಮುಂದಿಟ್ಟು ಅದಕ್ಕೆ ‘ರೇಡಿಯೋಸರ್ಜರಿ’ ಎಂದು ಹೆಸರಿಟ್ಟರು. ಮಿದುಳಿನ ಆಳದಲ್ಲಿರುವ ರೋಗಸ್ಥಾನವನ್ನು ಮುಟ್ಟಲು ಹೊರಟ ಶಸ್ತ್ರವು ದಾರಿಯಲ್ಲಿರುವ ಆರೋಗ್ಯವಂತ ಭಾಗಗಳನ್ನು ದಾಟಿಯೇ ಹೋಗಬೇಕಷ್ಟೆ. ಆ ದಾರಿಯ ನಷ್ಟವನ್ನು ತಪ್ಪಿಸಬೇಕೆಂಬುದು ಅವರ ಹಂಬಲ. ಉಪ್ಸಾಲದ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಅವರು ಈ ಕಾರ್ಯದಲ್ಲಿ ಜೊತೆಗೂಡಿದರು. ಇಬ್ಬರ ಪರಿಶ್ರಮದ ಫಲವಾಗಿ ೧೯೬೦ರ ದಶಕದ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಮೊದಲನೆಯ ಗಾಮಾ ನೈಫ್ ಕಾರ್ಯಾರಂಭ ಮಾಡಿತು. ವೈದ್ಯನೊಬ್ಬನಿಂದಲೇ ಆಗದ, ವಿಜ್ಞಾನಿಯೊಬ್ಬನಿಂದಲೇ ಆಗದ ಕೆಲಸವು ಇಬ್ಬರೂ ಕೂಡಿದಾಗ ಕೈಗೂಡಿತೆಂಬುದನ್ನು ಇಲ್ಲಿಯೇ ಗಮನಿಸಬೇಕು. ಈ ಚಿಕಿತ್ಸೆಯು ಹುಟ್ಟಿದ್ದೇ ಸಹಕಾರದಿಂದ.

ಹೆಸರಿನಲ್ಲಿ ಚೂರಿಯಿದ್ದರೂ ಇದರಲ್ಲಿ ಚೂರಿಯಿಲ್ಲ. ಮೊದಲ ಯಂತ್ರದಲ್ಲಿ ೧೭೯ ಕೋಬಾಲ್ಟ್ ಆಕರಗಳಿದ್ದವು. ಮುಂದೆ ಬಂದ ಯಂತ್ರಗಳಲ್ಲಿ ೨೦೧, ೨೦೦೬ರ ತರುವಾಯದ ಮಾದರಿಯಲ್ಲಿ ೧೯೨. ಒಂದೊಂದು ಆಕರದಿಂದಲೂ ಕೂದಲೆಳೆಯಂಥ ಒಂದು ಕಿರಣವು ಹೊರಟು ತಲೆಯ ಬೇರೆ ಬೇರೆ ದಿಕ್ಕುಗಳಿಂದ ಒಳಹೋಗುತ್ತದೆ. ಎಲ್ಲ ಕಿರಣಗಳೂ ಕೂಡುವುದು ಒಂದೇ ಬಿಂದುವಿನಲ್ಲಿ. ಜಾತ್ರೆಯಲ್ಲಿ ತೇರನ್ನೆಳೆಯುವುದನ್ನು ಕಂಡವರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುತ್ತದೆ. ಮಿಣಿಗೆ ಕೈಹಚ್ಚಿದ ಒಬ್ಬೊಬ್ಬನ ಬಲದಿಂದ ತೇರಿನ ಗಾಲಿ ಕದಲಲಾರದು. ಇನ್ನೂರು ಜನರ ಬಲವು ಒಟ್ಟುಗೂಡಿದಾಗ ತೇರು ಹೊರಡುತ್ತದೆ. ಹಾಗೆಯೇ ಒಂಟಿ ಕಿರಣವು ತಾನು ಹಾಯ್ದ ದಾರಿಯಲ್ಲಿ ಹೇಳಿಕೊಳ್ಳುವಷ್ಟು ಹಾನಿಯನ್ನು ಮಾಡದು. ಎಲ್ಲವೂ ಸೇರಿದ ಬಿಂದುವಿನಲ್ಲಿ ಮಾತ್ರ ರೋಗಗ್ರಸ್ತ ಜೀವಕೋಶಗಳು ಬೆಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಗಾಮಾ ನೈಫ್ ಅಲ್ಲದೆ ಲೀನಿಯರ್ ಆಕ್ಸಲರೇಟರ್ ಎಂಬ ಯಂತ್ರದಿಂದಲೂ, ಅದನ್ನೇ ಯಾಂತ್ರಿಕ ತೋಳಿಗೆ ಅಳವಡಿಸಿದ ಸೈಬರ್‌ನೈಫ್‌ನಿಂದಲೂ ಇದೇ ತತ್ತ್ವವನ್ನು ಅನುಸರಿಸಿ ಚಿಕಿತ್ಸೆ ನಡೆಸುವುದುಂಟು.

ಭಾರತದಲ್ಲಿ ಗಾಮಾ ನೈಫ್ ಚಿಕಿತ್ಸೆಯು ೧೯೯೭ರಲ್ಲಿ ಮುಂಬಯಿಯ ಹಿಂದೂಜಾ ಆಸ್ಪತ್ರೆಯಲ್ಲಿಯೂ ಅದೇ ವರ್ಷ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿಯೂ ಮೊದಲಾಯಿತು. ಕರ್ನಾಟಕದಲ್ಲಿ ಈ ಸೌಲಭ್ಯವು ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಬಂದಿತು. ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ಏರ್ಪಟ್ಟ ಸಂಸ್ಥೆಯಿದು. ಇಲ್ಲಿಯ ನರಶಸ್ತ್ರಚಿಕಿತ್ಸಾ ವಿಭಾಗಕ್ಕೆ ತಳಹದಿ ಹಾಕಿದ ಡಾ. ಆರ್. ಎಂ. ವರ್ಮ ಅವರು, ಕಂಪವಾತದ ರೋಗಿಗಳಿಗೆ ತಲೆಬುರುಡೆಯನ್ನು ತೆರೆಯದೆಯೇ ಅದರ ತಳದಲ್ಲಿರುವ ಸಹಜ ರಂಧ್ರದ ಮೂಲಕ ಸೂಜಿಯನ್ನು ಕಳುಹಿಸಿ ಚಿಕಿತ್ಸೆ ಮಾಡುವ ವಿಧಾನವನ್ನು ೧೯೬೦ರ ದಶಕದಲ್ಲಿಯೇ ರೂಪಿಸಿ ಹೊರದೇಶಗಳಲ್ಲಿಯೂ ಹೆಸರಾದರು. ದಾರಿಯ ಹಾನಿಯಿಲ್ಲದೆ ಗುರಿಯನ್ನು ಮುಟ್ಟುವ ವಿಚಾರವು ಬೆಂಗಳೂರಿಗೆ ಗಾಮಾ ನೈಫ್‌ಗಿಂತ ಬಹು ಮುಂಚಿತವಾಗಿಯೇ ಬಂದಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೈದ್ಯಪಾದ

ಚರಕನು ಒಂದೇ ಎಂದೆಣಿಸಿದ ವೈದ್ಯಪಾದವು ಇಲ್ಲಿ ಹಲವಾಗಿ ಕವಲೊಡೆದಿದೆ. ಮೊದಲನೆಯವರು ನರಶಸ್ತ್ರವೈದ್ಯರು. ತೆರೆದ ಶಸ್ತ್ರಚಿಕಿತ್ಸೆ ಬೇಕೆ, ಕಿರಣಚಿಕಿತ್ಸೆ ಸಾಕೆ ಅಥವಾ ಕೆಲಕಾಲ ಕಾದು ನೋಡುವುದು ಲೇಸೆ ಎಂಬ ವಿವೇಚನೆಯಲ್ಲಿ ಇವರದು ಹಿರಿಯ ಪಾತ್ರ. ಎರಡೂ ವಿಧಾನಗಳನ್ನು ಬಲ್ಲವರೇ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬಲ್ಲರು. ಎರಡನೆಯವರು ವಿಕಿರಣ ಚಿಕಿತ್ಸಾ ತಜ್ಞರು. ಎಷ್ಟು ಪ್ರಮಾಣದ ವಿಕಿರಣವನ್ನು ಯಾವ ಅಂಗವು ತಾಳಿಕೊಳ್ಳಬಲ್ಲದೆಂಬುದು ಇವರ ವಿಶೇಷ ವಿದ್ಯೆ. ಮೂರನೆಯವರು ನರಚಿತ್ರಣ ತಜ್ಞರು. ಎಂ.ಆರ್.ಐ. ಚಿತ್ರಗಳಲ್ಲಿ ರೋಗದ ಅಂಚು ಎಲ್ಲಿ ಮುಗಿಯಿತು, ಆರೋಗ್ಯವಂತ ಮಿದುಳು ಎಲ್ಲಿ ಮೊದಲಾಯಿತು ಎಂಬುದನ್ನು ಇವರು ಗುರುತಿಸುತ್ತಾರೆ. ರಕ್ತನಾಳಗಳು ಹುಟ್ಟಿನಿಂದಲೇ ಗೋಜಲಾಗಿ ಗಂಟುಕಟ್ಟಿಕೊಂಡ ರೋಗದಲ್ಲಿ ನಾಳಗಳಿಗೆ ಬಣ್ಣದ ಔಷಧವನ್ನು ಹಾಯಿಸಿ ಆಂಜಿಯೋಗ್ರಾಂ ತೆಗೆಯುವುದೂ ಅವಶ್ಯಕ.

ಇವರಲ್ಲದೆ ರೋಗಕ್ಕೆ ತಕ್ಕಂತೆ ಬೇರೆ ತಜ್ಞರೂ ಬಂದು ಸೇರುತ್ತಾರೆ. ಪಿಟ್ಯೂಟರಿ ಗ್ರಂಥಿಯ ಗಡ್ಡೆಯಾದರೆ ಹಾರ್ಮೋನುಗಳ ತಜ್ಞರೂ ಕಣ್ಣಿನ ವೈದ್ಯರೂ ಬೇಕು. ಆ ಗ್ರಂಥಿಗೆ ತಾಗಿದಂತೆಯೇ ದೃಷ್ಟಿನರಗಳು ಹಾದುಹೋಗುತ್ತವೆ. ಶ್ರವಣನರದ ಗಡ್ಡೆಯಾದರೆ ಕಿವಿಯ ಶಕ್ತಿಯನ್ನು ಮೊದಲೂ ಆಮೇಲೂ ಅಳೆಯುವವರು ಬೇಕು. ಮುಖದಲ್ಲಿ ಸಿಡಿಲಿನಂಥ ನೋವನ್ನುಂಟುಮಾಡುವ ಟ್ರೈಜೆಮಿನಲ್ ನರಶೂಲೆಯಾದರೆ ಔಷಧದಿಂದ ಏಕೆ ಗುಣವಾಗಲಿಲ್ಲವೆಂಬುದನ್ನು ನರರೋಗತಜ್ಞರು ತೀರ್ಮಾನಿಸಬೇಕು. ಉತ್ತಮ ಆಸ್ಪತ್ರೆಗಳಲ್ಲಿ ಇವರೆಲ್ಲರೂ ಒಂದೆಡೆ ಕುಳಿತು ಒಬ್ಬೊಬ್ಬ ರೋಗಿಯ ಚಿತ್ರಗಳನ್ನೂ ಮುಂದಿಟ್ಟುಕೊಂಡು ಚರ್ಚಿಸುತ್ತಾರೆ. ಆ ಚರ್ಚೆಯಲ್ಲಿ ‘ಈ ರೋಗಿಗೆ ಇದು ಬೇಡ’ ಎಂಬ ತೀರ್ಪು ಬಂದರೆ ಅದೂ ಚಿಕಿತ್ಸೆಯೇ ಸರಿ. ಗಡ್ಡೆಯು ಸುಮಾರು ೩ ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಅಥವಾ ಮಿದುಳನ್ನು ಒತ್ತಿ ಪ್ರಜ್ಞೆಯನ್ನೇ ಕುಂದಿಸುತ್ತಿದ್ದರೆ ಒಡನೆ ಪರಿಹಾರ ನೀಡುವ ತೆರೆದ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಸರಿಯಾದ ಹಾದಿ. ಕೊಯ್ಯುವ ಭಯದಿಂದ ಅದನ್ನು ಮುಂದೂಡುವುದು ಅಪಾಯಕರ.

ದ್ರವ್ಯಪಾದ

ಇಲ್ಲಿಯ ಔಷಧವೆಂದರೆ ವಿಕಿರಣ. ಅದರ ಅಳತೆಯ ಮಾನಕ್ಕೆ ‘ಗ್ರೇ’ ಎಂದು ಹೆಸರು. ಸಾಮಾನ್ಯ ವಿಕಿರಣ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು ೨ ಗ್ರೇಯಂತೆ ಹಲವು ವಾರಗಳ ಕಾಲ ಕೊಡುವುದು ವಾಡಿಕೆ. ರೇಡಿಯೋಸರ್ಜರಿಯಲ್ಲಾದರೋ ಶ್ರವಣನರದ ಗಡ್ಡೆಯ ಅಂಚಿಗೆ ಒಂದೇ ಸಲಕ್ಕೆ ೧೨–೧೩ ಗ್ರೇ, ರಕ್ತನಾಳದ ಗಂಟಿಗೆ ೨೦ ಗ್ರೇಯ ಆಸುಪಾಸು ಕೊಡುತ್ತಾರೆ. ದೃಷ್ಟಿನರವು ಒಮ್ಮೆಗೆ ೮–೧೦ ಗ್ರೇಗಿಂತ ಹೆಚ್ಚನ್ನು ತಾಳಲಾರದು. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಇಲ್ಲಿ ಒಂದೆರಡು ಮಿಲಿಮೀಟರುಗಳಷ್ಟೇ.

ಆ ಅಂತರವನ್ನು ಕಾಯುವವರು ವೈದ್ಯಕೀಯ ಭೌತವಿಜ್ಞಾನಿಗಳು. ರೋಗಿಯು ಇವರ ಮುಖವನ್ನು ಕಾಣುವುದೇ ಅಪರೂಪ. ಆದರೂ ರೋಗಿಯ ಕ್ಷೇಮವು ಬಹುಮಟ್ಟಿಗೆ ಇವರ ಕೈಯಲ್ಲಿದೆ. ಯಾವ ಕಿರಣಗಳನ್ನು ಎಷ್ಟು ಹೊತ್ತು ಬಿಡಬೇಕು, ಯಾವುದನ್ನು ಮುಚ್ಚಬೇಕು, ಸುತ್ತಣ ನರಗಳಿಗೆ ತಗಲುವ ಪಾಲೆಷ್ಟು ಎಂಬುದನ್ನೆಲ್ಲ ಇವರು ಗಣಕಯಂತ್ರದಲ್ಲಿ ವೈದ್ಯರೊಡನೆ ಕುಳಿತು ಲೆಕ್ಕಹಾಕುತ್ತಾರೆ. ಕೋಬಾಲ್ಟ್–೬೦ರ ಶಕ್ತಿಯು ೫.೨೭ ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಹೊಸ ಆಕರವು ೨೦ ನಿಮಿಷಗಳಲ್ಲಿ ನೀಡಿದ ಪ್ರಮಾಣವನ್ನು ನೀಡಲು ಐದು ವರ್ಷಗಳಷ್ಟು ಹಳೆಯ ಆಕರಕ್ಕೆ ಹತ್ತಿರ ಹತ್ತಿರ ೪೦ ನಿಮಿಷಗಳು ಬೇಕು. ಈ ಲೆಕ್ಕವನ್ನು ಮರೆತರೆ ಚಿಕಿತ್ಸೆಯೇ ವ್ಯರ್ಥ. ಆದುದರಿಂದ ಯಂತ್ರದ ಪರೀಕ್ಷೆ ಪ್ರತಿದಿನವೂ ನಡೆಯಬೇಕು. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ಸ್ವತಂತ್ರವಾಗಿ ತಾಳೆ ನೋಡಬೇಕು. ದೇಶದಲ್ಲಿ ಇಂಥ ಆಕರಗಳ ಬಳಕೆಯೆಲ್ಲವೂ ೧೯೮೩ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹತೋಟಿಗೆ ಒಳಪಟ್ಟಿದೆ. ಅದರ ಮನ್ನಣೆ ಪಡೆದ ವಿಕಿರಣ ಸುರಕ್ಷಾಧಿಕಾರಿಯಿಲ್ಲದೆ ಚಿಕಿತ್ಸಾಲಯವನ್ನು ನಡೆಸುವಂತಿಲ್ಲ.

ಪರಿಚಾರಕಪಾದ

ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ರೋಗಿಯ ಮೇಲೆ ಅನುರಾಗ, ಶುಚಿತ್ವ ಇವು ನಾಲ್ಕೂ ಇರಬೇಕೆಂದು ಚರಕನ ವಿಧಿ. ಗಾಮಾ ನೈಫ್ ಚಿಕಿತ್ಸೆಯ ದಿನ ಬೆಳಗ್ಗೆ ರೋಗಿಯ ತಲೆಗೆ ಲೋಹದ ಚೌಕಟ್ಟೊಂದನ್ನು ತೊಡಿಸುತ್ತಾರೆ. ಚರ್ಮವನ್ನು ಸೂಜಿಮದ್ದಿನಿಂದ ಮರಗಟ್ಟಿಸಿ ನಾಲ್ಕು ಮೊಳೆಗಳಿಂದ ಅದನ್ನು ತಲೆಬುರುಡೆಗೆ ಬಿಗಿಯುತ್ತಾರೆ. ತಲೆಯು ಎಳ್ಳಷ್ಟೂ ಅಲುಗದಿರಲು ಇದು ಬೇಕು. ಆಯ್ದ ಕೆಲವು ಸಂದರ್ಭಗಳಲ್ಲಿ ಚೌಕಟ್ಟಿನ ಬದಲು ಮುಖವಾಡವನ್ನು ಬಳಸುವ ಕ್ರಮವೂ ಈಚೆಗೆ ಬಂದಿದೆ. ರೋಗಿಯು ಎಚ್ಚರವಾಗಿಯೇ ಇರುವುದರಿಂದ, ಆ ಗಳಿಗೆಯಲ್ಲಿ ಕೈಹಿಡಿದು ಧೈರ್ಯ ಹೇಳುವ ದಾದಿಯ ಒಂದು ಮಾತು ಅನೇಕ ಔಷಧಗಳಿಗೆ ಸಮ. ಮಕ್ಕಳಾದರೆ ಅರಿವಳಿಕೆ ತಜ್ಞರು ದಿನವಿಡೀ ಜೊತೆಗಿರಬೇಕಾಗುತ್ತದೆ. ಚಿಕಿತ್ಸೆಯ ಹೊತ್ತಿನಲ್ಲಿ ತಂತ್ರಜ್ಞರು ಹೊರಕೋಣೆಯಲ್ಲಿ ಕುಳಿತು ಪರದೆಯ ಮೇಲೆ ರೋಗಿಯನ್ನು ನೋಡುತ್ತ, ಧ್ವನಿಯಂತ್ರದ ಮೂಲಕ ಮಾತಾಡಿಸುತ್ತ ಇರುತ್ತಾರೆ. ಕಿರಣವು ಕಣ್ಣಿಗೆ ಕಾಣದು, ನೋವೂ ಇರದು. ಕೆಲಸ ಮುಗಿದೊಡನೆ ಚೌಕಟ್ಟನ್ನು ತೆಗೆದು, ಹೆಚ್ಚಿನವರನ್ನು ಅದೇ ದಿನ ಅಥವಾ ಮರುದಿನ ಮನೆಗೆ ಕಳುಹಿಸುತ್ತಾರೆ. ದೂರದ ಊರಿನಿಂದ ಬಂದ ಬಡ ಕುಟುಂಬಕ್ಕೆ ಶುಲ್ಕದ ರಿಯಾಯಿತಿ, ಸರ್ಕಾರಿ ಯೋಜನೆಗಳ ಕಾಗದಪತ್ರಗಳು, ಉಳಿಯುವ ಸ್ಥಳ ಇವುಗಳ ವಿಷಯದಲ್ಲಿ ದಾರಿ ತೋರಿಸುವ ಸಮಾಜಕಾರ್ಯಕರ್ತರನ್ನೂ ಈ ಪಾದದಲ್ಲಿಯೇ ಎಣಿಸಬೇಕು.

ರೋಗಿಪಾದ

ರೋಗಿಯಲ್ಲಿಯೂ ಗುಣಗಳಿರಬೇಕೆಂದು ಚರಕನು ಹೇಳಿರುವುದು ಅರ್ಥವತ್ತಾಗಿದೆ. ನೆನಪು, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ಬೇನೆಯನ್ನು ತಿಳಿಸಿ ಹೇಳುವ ಶಕ್ತಿ ಇವೇ ಆ ಗುಣಗಳು. ಬಿಡದ ತಲೆನೋವು, ಹೊಸದಾಗಿ ಬಂದ ಮೂರ್ಛೆ, ಒಂದೇ ಕಿವಿಯಲ್ಲಿ ಕುಂದುತ್ತಿರುವ ಶ್ರವಣ, ಮಸುಕಾಗುತ್ತಿರುವ ದೃಷ್ಟಿ ಇವುಗಳನ್ನು ಮರೆಮಾಚದೆ ಶಿಕಾರಿಪುರದ ವೈದ್ಯರಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತಿಳಿಸುವುದರಿಂದಲೇ ಚಿಕಿತ್ಸೆಯ ಆರಂಭ. ಹಳೆಯ ಸ್ಕ್ಯಾನ್ ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡು ಹೋಗಬೇಕು. ಗಡ್ಡೆಯು ಬೆಳೆದಿದೆಯೇ ನಿಂತಿದೆಯೇ ಎಂಬುದಕ್ಕೆ ಅವೇ ಸಾಕ್ಷಿ.

ಇನ್ನು ತಾಳ್ಮೆಯ ಮಾತು. ಈ ಚಿಕಿತ್ಸೆಯ ಫಲವು ಬಿತ್ತಿದ ಮರುದಿನ ಕೊಯ್ಯುವ ಬೆಳೆಯಲ್ಲ, ಅಡಕೆಯ ಸಸಿಯಂತೆ ಕಾದು ಪಡೆಯುವ ಫಲ. ರಕ್ತನಾಳದ ಗಂಟು ಮುಚ್ಚಿಕೊಳ್ಳಲು ೨–೩ ವರ್ಷಗಳು ಬೇಕು. ಪೂರ್ತಿಯಾಗಿ ಮುಚ್ಚುವವರೆಗೂ ರಕ್ತಸ್ರಾವದ ಅಪಾಯವು ತಪ್ಪಿದ್ದಲ್ಲ. ಶ್ರವಣನರದ ಗಡ್ಡೆಯಂಥವು ಬಹುಮಟ್ಟಿಗೆ ಮಾಯವಾಗುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತವೆ. ನಿಂತರೆ ಅದೇ ಗೆಲುವು. ಕೆಲವರಲ್ಲಿ ತಿಂಗಳುಗಳ ತರುವಾಯ ಮಿದುಳಿನಲ್ಲಿ ಊತ ಕಾಣಿಸಿಕೊಂಡು ಔಷಧ ಬೇಕಾಗುವುದೂ ಉಂಟು. ಗುಣವಾದಂತೆ ಕಂಡಿತೆಂದು ಮರುಪರೀಕ್ಷೆಯನ್ನು ಬಿಟ್ಟ ರೋಗಿಯು ಮಿಕ್ಕ ಮೂರು ಪಾದಗಳ ಶ್ರಮವನ್ನೂ ನಿಷ್ಫಲಗೊಳಿಸಿದಂತೆಯೇ. ಒಪ್ಪಿಗೆಯ ಕಾಗದಕ್ಕೆ ಸಹಿಹಾಕುವ ಮುನ್ನ ಮನೆಯವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಈ ರೋಗಕ್ಕೆ ಬೇರೆ ದಾರಿಗಳಿವೆಯೇ? ಯಾವ ಯಾವ ತಜ್ಞರು ಕೂಡಿ ಈ ತೀರ್ಮಾನಕ್ಕೆ ಬಂದರು? ಮರುಪರೀಕ್ಷೆಗೆ ಎಂದೆಂದು ಬರಬೇಕು? ಊರಿಗೆ ಮರಳಿದ ಮೇಲೆ ತೊಂದರೆಯಾದರೆ ಯಾರನ್ನು ಕಾಣಬೇಕು? ಹೀಗೆ ಕೇಳುವುದು ಅವಿಶ್ವಾಸವಲ್ಲ, ರೋಗಿಪಾದದ ಕರ್ತವ್ಯ.

ಉಪಸಂಹಾರ

ವಿಜ್ಞಾನದಲ್ಲಿ ಆಸಕ್ತಿಯುಳ್ಳ ಗ್ರಾಮೀಣ ವಿದ್ಯಾರ್ಥಿಯ ಮುಂದೆ ಹಿರಿಯರು ಸಾಮಾನ್ಯವಾಗಿ ಇಡುವ ಹಾದಿಗಳು ಎರಡೇ, ಡಾಕ್ಟರ್ ಇಲ್ಲವೇ ಎಂಜಿನಿಯರ್. ಆ ಎರಡೂ ಕೈತಪ್ಪಿದರೆ ವಿದ್ಯೆಯೇ ಸೋತಂತೆ ಮಕ್ಕಳು ಕುಗ್ಗುತ್ತಾರೆ. ಆದರೆ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದವರು ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಪಡೆದು ವೈದ್ಯಕೀಯ ಭೌತವಿಜ್ಞಾನಿಗಳಾಗಬಹುದು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ವಿಕಿರಣ ಚಿಕಿತ್ಸಾ ತಂತ್ರಜ್ಞರ ಹಾಗೂ ಶುಶ್ರೂಷಕಿಯರ ಶಿಕ್ಷಣ ತೆರೆದಿದೆ. ತರಗತಿಯಲ್ಲಿ ಅರ್ಧಾಯುಷ್ಯದ ಪಾಠ ಹೇಳುವ ಉಪಾಧ್ಯಾಯರು ಆ ಲೆಕ್ಕವು ಒಬ್ಬ ರೋಗಿಯ ಕಣ್ಣನ್ನು ಕಾಪಾಡುವ ಬಗೆಯನ್ನೂ ತಿಳಿಸಿದರೆ, ಹಳೆಯ ವಿದ್ಯಾರ್ಥಿಗಳು ತಮಗೆ ಪರಿಚಿತವಾದ ಇಂಥ ವೃತ್ತಿಗಳನ್ನು ಮಕ್ಕಳಿಗೆ ಪರಿಚಯಿಸಿದರೆ, ದಾನಿಗಳು ವೈದ್ಯಶಿಕ್ಷಣಕ್ಕೆ ಕೊಡುವಂತೆಯೇ ಈ ವಿದ್ಯೆಗಳಿಗೂ ವಿದ್ಯಾರ್ಥಿವೇತನ ಕೊಟ್ಟರೆ, ಇಲ್ಲಿಯ ಮಕ್ಕಳೂ ಆ ತೇರಿನ ಮಿಣಿಗೆ ಕೈಹಚ್ಚುವರು.

೧೯೪೨ರಲ್ಲಿ ಈಸೂರಿನ ಜನರು ತಮ್ಮ ಊರಿನ ಆಡಳಿತವನ್ನು ತಾವೇ ವಹಿಸಿಕೊಂಡಾಗ ಎಳೆಯ ಹುಡುಗರಿಗೂ ಅಮಲ್ದಾರನ, ಸಬ್ ಇನ್ಸ್‌ಪೆಕ್ಟರನ ಹೊಣೆಯನ್ನು ಒಪ್ಪಿಸಿದರೆಂಬುದು ಇತಿಹಾಸಪ್ರಸಿದ್ಧ. ಚಿಕ್ಕವರು ದೊಡ್ಡವರೆನ್ನದೆ ಒಬ್ಬೊಬ್ಬರಿಗೆ ಒಂದೊಂದು ಹೊಣೆಯಿತ್ತು ಮಹತ್ಕಾರ್ಯವೊಂದಕ್ಕೆ ಮುಂದಾದ ಊರಿದು. ಹೆಸರಿಲ್ಲದೆ ದುಡಿಯುವ ಹಲವರ ಪರಿಶ್ರಮದಿಂದ ಒಂದು ಪ್ರಾಣವು ಉಳಿಯುವ ಬಗೆಯನ್ನು ಅರಿತುಕೊಳ್ಳುವುದು ಇಂಥ ಊರಿಗೆ ಕಷ್ಟವೇನಲ್ಲ. ಅರಿತವರು ರೋಗಿಗಳಿಗೆ ಸಕಾಲದಲ್ಲಿ ಸರಿದಾರಿಯನ್ನು ತೋರಲಿ, ಮಕ್ಕಳಿಗೆ ಹೊಸ ವಿದ್ಯೆಯ ಬಾಗಿಲನ್ನು ತೆರೆಯಲಿ ಎಂಬುದೇ ಹಾರೈಕೆ.