ರೈಲು, ಸೈಕಲ್ಲು ಮತ್ತು ನಮ್ಮ ತಾಲೂಕು

ಪ್ರವಾಸವೆಂದ ಕೂಡಲೆ ನಮ್ಮ ಗೆಳೆಯರಲ್ಲಿ ಏಳುವ ಮೊದಲ ಪ್ರಶ್ನೆ, ‘ಗಾಡಿ ಯಾರದು?’ ಎಂಬುದು. ಮಮದಾಪುರದ ರೈತನ ಮಗನಾದ ನನ್ನಲ್ಲಿರುವುದು ಎಂಟನೆಯ ಇಯತ್ತೆಯಲ್ಲಿ ಸರಕಾರ ಕೊಟ್ಟ ಸೈಕಲ್ಲೊಂದೇ. ಅದಕ್ಕಾಗಿ ಬಹಳ ದಿನ ನಾಚಿಕೊಂಡಿದ್ದೆ. ಆ ನಾಚಿಕೆ ಹೇಗೆ ಹೋಯಿತೆಂಬುದನ್ನು ಸಹಪಾಠಿಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಹಿಂದೊಮ್ಮೆ ಮಾವನ ಕಾರಿನಲ್ಲಿ ಗೋಕಾಕ ಫಾಲ್ಸಿಗೆ ಹೋಗಿದ್ದೆ. ಕಾರು ನಿಂತಿತು, ಫೋಟೋ ತೆಗೆಸಿಕೊಂಡೆವು, ಕರದಂಟು ಕೊಂಡು ಮರಳಿದೆವು. ಮರುದಿನ ತರಗತಿಯಲ್ಲಿ ಅಧ್ಯಾಪಕರು, “ಗಿರಣಿಯನ್ನು ಅಲ್ಲಿಯೇ ಏಕೆ ಕಟ್ಟಿದರು?” ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ಹುಟ್ಟಿದ ತಾಲೂಕನ್ನೇ ನಾನು ಅರಿತಿರಲಿಲ್ಲ.

ಮುಂದಿನ ಶ್ರಾವಣದಲ್ಲಿ ಸೈಕಲ್ಲು ಹತ್ತಿ ಹೊರಟೆ. ಗೋಕಾಕ ದಾಟಿದ ಮೇಲೆ ಏರು ಬಂತು, ಇಳಿದು ನೂಕಬೇಕಾಯಿತು. ಅಧ್ಯಾಪಕರ ಪ್ರಶ್ನೆಗೆ ಆ ಏರೇ ಉತ್ತರ. ಮೇಲೆ ಶಾಂತವಾಗಿ ಹರಿದು ಬಂದ ಘಟಪ್ರಭೆ ಗಟ್ಟಿ ಮರಳುಗಲ್ಲಿನ ಅಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ಬೀಳುವ ನೀರಿನ ಬಲ ಯಂತ್ರವನ್ನು ತಿರುಗಿಸಬಲ್ಲದು. ಆದುದರಿಂದಲೇ 1880ರ ದಶಕದಲ್ಲಿ ನೂಲಿನ ಗಿರಣಿ ಅಲ್ಲಿ ತಲೆಯೆತ್ತಿತು. ಕಾರಿನಲ್ಲಿ ಕಾಣದ ಏರನ್ನು ಮೊಳಕಾಲು ತಿಳಿಸಿತು.

ಇನ್ನು ರೈಲಿನ ಮಾತು. ಲೋಂಡಾ–ಮೀರಜ ಮಾರ್ಗ ನಮ್ಮ ಸೀಮೆಯ ಬೆನ್ನೆಲುಬು: ಪಾಚ್ಛಾಪುರ, ಗೋಕಾಕ ರೋಡ, ಘಟಪ್ರಭಾ, ಚಿಕ್ಕೋಡಿ ರೋಡ ಎಂದು ನಿಲ್ದಾಣಗಳು ಸಾಲಾಗಿವೆ. ನಿಲ್ದಾಣದವರೆಗೆ ರೈಲು, ಅಲ್ಲಿಂದ ಒಳಹಳ್ಳಿಗೆ ಸೈಕಲ್ಲು, ಇದೇ ಕ್ರಮ. ಘಟಪ್ರಭಾದಲ್ಲಿ ಇಳಿದರೆ ಧೂಪದಾಳದ ಒಡ್ಡು ಸಮೀಪ. ಕಾಲುವೆಗೆ ನೀರು ತಿರುಗುವುದು ಅಲ್ಲಿಯೇ. ಚಳಿಗಾಲದಲ್ಲಿ ಪರದೇಶದ ಕೊಕ್ಕರೆಗಳು ಬಂದಿಳಿಯುವುದೂ ಆ ಸುತ್ತಿನಲ್ಲಿಯೇ. ಪಾಚ್ಛಾಪುರದಲ್ಲಿ ಇಳಿದರೆ ಗೊಡಚಿನಮಲ್ಕಿಗೆ ಹೋಗಿ, ಮಾರ್ಕಂಡೇಯ ನದಿ ಎರಡು ಮೆಟ್ಟಿಲಾಗಿ ಬೀಳುವುದನ್ನು ನೋಡಬಹುದು.

ಫ್ರಾನ್ಸ್ ದೇಶದಲ್ಲಿ ಲ್ವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿ ಗುರುತಿಸಿದ್ದಾರೆ. ದಣಿದವರು ಸೈಕಲ್ಲಿನೊಡನೆ ರೈಲು ಹತ್ತುತ್ತಾರೆ. ನಮ್ಮಲ್ಲಿ ಸೈಕಲ್ಲನ್ನು ಪ್ರಯಾಣಿಕರ ಡಬ್ಬಿಗೆ ಏರಿಸುವಂತಿಲ್ಲ. ಲಗೇಜೆಂದು ಬುಕ್ ಮಾಡಬೇಕು. ಅದಕ್ಕೆ ಅನುಕೂಲವಿದೆಯೇ ಎಂದು ನಿಲ್ದಾಣದಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ನಾನು ಪಾಚ್ಛಾಪುರದ ಸಹಪಾಠಿಯೊಬ್ಬನ ಸೈಕಲ್ಲನ್ನೇ ಕೇಳಿ ಪಡೆದೆ.

ಅದು ಅರ್ಧ ದಾರಿಯಲ್ಲಿ ಪಂಕ್ಚರಾಯಿತು. ಹೊಲದಲ್ಲಿದ್ದ ಅಜ್ಜನೊಬ್ಬ, “ಯಾವೂರೋ ತಮ್ಮಾ? ಮೊದಲ ರೊಟ್ಟಿ ತಿನ್ನು, ಗಾಲಿ ಆಮ್ಯಾಲ ನೋಡೂಣು” ಎಂದ. ಬದುವಿನ ಮೇಲೆ ಕುಳಿತು ಅವನ ಬುತ್ತಿ ಹಂಚಿಕೊಂಡೆ. ಮಳೆ, ಬೆಳೆ, ಊರಿನ ಸುದ್ದಿ ಕೇಳಿದೆ. ಕಾರಿನಲ್ಲಿದ್ದರೆ ಅವನು ಕಿಟಕಿಯಾಚೆ ಕ್ಷಣಮಾತ್ರ ಕಂಡು ಮರೆಯಾಗುತ್ತಿದ್ದ.

ಗೆಳೆಯರೇ, ಮುಂದಿನ ರಜೆಯಲ್ಲಿ ‘ಗಾಡಿ ಯಾರದು?’ ಎಂದು ಕೇಳಬೇಡಿರಿ. ಚಕ್ರಕ್ಕೆ ಗಾಳಿ ಹೊಡೆದು, ರೊಟ್ಟಿ ಕಟ್ಟಿಕೊಂಡು ಹೊರಡಿರಿ.