ಫೋನಿಗೆ ಹಸಿವೋ, ಮುಪ್ಪೋ?

ಮಲ್ಲಂದೂರಿನ ಸುತ್ತಮುತ್ತ ಆಷಾಢದ ಗಾಳಿ ಬೀಸತೊಡಗಿತೆಂದರೆ ಕರೆಂಟು ಯಾವಾಗ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೋದದ್ದು ಯಾವಾಗ ಬರುತ್ತದೆ ಎಂದಷ್ಟೇ ಕೇಳುತ್ತಾರೆ. ಕಾಫಿ ತೋಟದ ನಡುವೆ ಹಾದುಹೋಗುವ ತಂತಿಯ ಮೇಲೆ ಸಿಲ್ವರ್ ಓಕ್ ಮರವೊಂದು ಒರಗಿದರೆ ಸಾಕು, ಒಂದು ದಿನ, ಎರಡು ದಿನ, ಒಮ್ಮೊಮ್ಮೆ ನಾಲ್ಕು ದಿನ ಕತ್ತಲೆ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಕಣ್ಣಾರೆ ಕಂಡವರು ಅವರನ್ನು ದೂರಲಾರರು.

ಅಂಥದೊಂದು ಸಂಜೆ ನೆರೆಯ ತೋಟದ ಲೈನ್ ಮನೆಯಲ್ಲಿ ವಾಸವಿರುವ ಹೆಣ್ಣುಮಗಳೊಬ್ಬರು ತಮ್ಮ ಮೊಬೈಲ್ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಫೋನಿಗೊಂದು ಗಿಡ್ಡ ತಂತಿ. ಅದರ ಇನ್ನೊಂದು ತುದಿಗೆ ಇಟ್ಟಿಗೆಯಂತಹ ಪವರ್ ಬ್ಯಾಂಕ್. “ಫೋನಿಗೆ ಏನೂ ಆಗಿಲ್ಲ ಸಾರ್, ಹೊಟ್ಟೆ ಮಾತ್ರ ಊದಿಕೊಂಡಿದೆ” ಎಂದರು. ನಿಜವೇ. ಒಳಗಿನ ಬ್ಯಾಟರಿ ಉಬ್ಬಿ, ಪರದೆಯನ್ನು ಚೌಕಟ್ಟಿನಿಂದ ಮೇಲಕ್ಕೆತ್ತಿತ್ತು. ಅದನ್ನವರು ಹಿಂದಿನ ರಾತ್ರಿ ಒಲೆಯ ಪಕ್ಕದಲ್ಲಿಟ್ಟು ಚಾರ್ಜ್ ಮಾಡಿದ್ದರೆಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜ್ ಮಾಡುವುದು ಎಲ್ಲವೂ ಬೆಂಕಿಗೆ ಆಹ್ವಾನವೇ.

ವಿಚಾರಿಸಿದಾಗ ತಿಳಿದ ಕಥೆ ಸಾಮಾನ್ಯವಾದದ್ದು. ಮೂರು ವರ್ಷಗಳ ಹಿಂದೆ ಒಂಬತ್ತು ಸಾವಿರ ರೂಪಾಯಿಗೆ, ಅಂದರೆ ಹಲವು ವಾರಗಳ ಕೂಲಿಗೆ, ಕೊಂಡ ಫೋನು. ಎರಡನೆಯ ವರ್ಷದ ಹೊತ್ತಿಗೆ ಚಾರ್ಜು ಮಧ್ಯಾಹ್ನದವರೆಗೂ ನಿಲ್ಲದಾಯಿತು. ಅಂಗಡಿಯಾತ, ಬ್ಯಾಟರಿಯನ್ನು ಅಂಟಿಸಿಬಿಟ್ಟಿದ್ದಾರೆ, ತೆಗೆಯುವುದು ಕಷ್ಟ, ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ ಎಂದನಂತೆ. ಅಂದಿನಿಂದ ಫೋನು ಹಗಲೂ ರಾತ್ರಿಯೂ ಆ ತಂತಿಗೆ ಕಟ್ಟಿದ ಕರುವಾಯಿತು.

ಇದು ಒಬ್ಬರ ಮನೆಯ ಸಣ್ಣ ತೊಡಕೆಂದು ತಳ್ಳಿಹಾಕುವಂತಿಲ್ಲ. ಇಂದು ಫೋನು ಮಾತನಾಡುವ ಸಾಧನವಷ್ಟೇ ಅಲ್ಲ. ಬ್ಯಾಂಕಿನ ಒಟಿಪಿ, ಅಡುಗೆ ಅನಿಲದ ಸಂದೇಶ, ಗೃಹಲಕ್ಷ್ಮಿಯ ಹಣ ಜಮೆಯಾದ ಸುದ್ದಿ, ಮಗಳ ಕಾಲೇಜಿನ ಶುಲ್ಕ, ಆಸ್ಪತ್ರೆಗೆ ಜೀಪು ಕರೆಸುವ ಕರೆ ಎಲ್ಲವೂ ಅದರಲ್ಲೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಕುಸಿದಾಗ ಜೀವಂತವಾಗಿರುವ ಒಂದು ಫೋನಿನ ಬೆಲೆ ಏನೆಂಬುದು ಈ ಬೆಟ್ಟಸಾಲಿನವರಿಗೆಲ್ಲ ಅರಿವಾಗಿದೆ. ಹೀಗಿರುವಾಗ ಕಳಚಿ ಬದಲಿಸುವ ಬ್ಯಾಟರಿ ಬೇಕೋ, ಜೊತೆಗೊಯ್ಯುವ ಪವರ್ ಬ್ಯಾಂಕ್ ಸಾಕೋ ಎಂಬ ಪ್ರಶ್ನೆಯನ್ನು ಕೇವಲ ಗ್ರಾಹಕನ ಅಭಿರುಚಿಗೆ ಬಿಡುವುದು ಸರಿಯಲ್ಲ.

ಬ್ಯಾಟರಿ ಬದಲಿಸುವುದು ನಮಗೆ ಹೊಸ ವಿದ್ಯೆಯೇನಲ್ಲ. ಮಲೆನಾಡಿನಲ್ಲಿ ಟಾರ್ಚಿಗೇ ‘ಬ್ಯಾಟ್ರಿ’ ಎಂದು ಹೆಸರು. ಸೆಲ್ಲು ಮುಗಿದರೆ ಸೆಲ್ಲು ಬದಲಿಸುತ್ತಿದ್ದೆವೇ ಹೊರತು ಬ್ಯಾಟ್ರಿಯನ್ನು ಎಸೆಯುತ್ತಿರಲಿಲ್ಲ. ದೂರದರ್ಶನದಲ್ಲಿ ‘ರಾಮಾಯಣ’ ಬರುತ್ತಿದ್ದ 1987-88ರಲ್ಲಿ ನಾನಿನ್ನೂ ಕಿರಿಯ ಅಧಿಕಾರಿ. ಕರೆಂಟಿಲ್ಲದ ಹಳ್ಳಿಗಳ ಜನ ಲಾರಿಯ ಬ್ಯಾಟರಿಯಿಂದ ಟಿ.ವಿ. ನಡೆಸುತ್ತಿದ್ದುದನ್ನೂ, ಶನಿವಾರದ ಬಸ್ಸಿನಲ್ಲಿ ಖಾಲಿ ಬ್ಯಾಟರಿಯನ್ನು ಪೇಟೆಗೆ ಕಳುಹಿಸಿ ತುಂಬಿದ್ದನ್ನು ತರಿಸಿಕೊಳ್ಳುತ್ತಿದ್ದುದನ್ನೂ ಕಂಡಿದ್ದೇನೆ. ಯಂತ್ರ ಬೇರೆ, ಅದರ ಆಹಾರ ಬೇರೆ ಎಂಬ ವಿವೇಕ ಆ ವ್ಯವಸ್ಥೆಯಲ್ಲಿತ್ತು.

ಮೊಬೈಲ್ ಫೋನಿನ ಮೊದಲ ಯುಗವೂ ಇದೇ ವಿವೇಕದ ಮೇಲೆ ನಿಂತಿತ್ತು. 2003ರಲ್ಲಿ ಬಂದ ನೋಕಿಯಾ 1100 ಎಂಬ ಟಾರ್ಚುಳ್ಳ ಫೋನನ್ನು ಬಲ್ಲವರಿಗೆ ಅದರ ಬಿಎಲ್-5ಸಿ ಬ್ಯಾಟರಿಯೂ ನೆನಪಿರುತ್ತದೆ. ಒಂದೇ ಅಳತೆಯ ಆ ಬ್ಯಾಟರಿ ಹಲವಾರು ಮಾದರಿಗಳಿಗೆ ಹೊಂದುತ್ತಿತ್ತು. ಎಷ್ಟರಮಟ್ಟಿಗೆಂದರೆ, ಅಗ್ಗದ ಎಫ್.ಎಂ. ರೇಡಿಯೊಗಳು ಸಹ ಅದೇ ಬ್ಯಾಟರಿಯನ್ನು ಬಳಸತೊಡಗಿದವು. ಹಿಂಬದಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಜಾರಿಸಲು ಬಂದರೆ ಸಾಕಿತ್ತು, ಬೇರೆ ಪರಿಣತಿ ಬೇಕಿರಲಿಲ್ಲ.

ಆ ಬ್ಯಾಟರಿಗೂ ಕಳಂಕ ತಟ್ಟಿತು. 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮತ್ಸುಶಿತಾ ಕಂಪನಿ ತಯಾರಿಸಿದ ಸುಮಾರು 4.6 ಕೋಟಿ ಬ್ಯಾಟರಿಗಳು ಅತಿಯಾಗಿ ಬಿಸಿಯಾಗಬಹುದೆಂದು 2007ರ ಆಗಸ್ಟ್‌ನಲ್ಲಿ ನೋಕಿಯಾ ಪ್ರಕಟಿಸಿತು. ನಮ್ಮ ದೇಶದಲ್ಲಿಯೂ ಗಾಬರಿಯಾಯಿತು. ಆದರೆ ಪರಿಹಾರವೇನಿತ್ತು? ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ತಾಳೆ ನೋಡುವುದು, ದೋಷವಿರುವುದನ್ನು ತೆಗೆದು ಹೊಸದನ್ನು ಹಾಕಿಕೊಳ್ಳುವುದು. ಫೋನು ಮಾಲೀಕನ ಬಳಿಯೇ ಉಳಿಯಿತು.

ಇದಕ್ಕೆ ಒಂಬತ್ತು ವರ್ಷಗಳ ಅನಂತರದ ಪ್ರಕರಣವನ್ನು ಹೋಲಿಸಿ ನೋಡಿ. 2016ರಲ್ಲಿ ಸ್ಯಾಮ್ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳಲ್ಲಿ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳತೊಡಗಿತು. ಒಳಗೆ ಮುಚ್ಚಿ ಅಂಟಿಸಿದ ಬ್ಯಾಟರಿಯಾದ್ದರಿಂದ ಅದನ್ನಷ್ಟೇ ಹಿಂಪಡೆಯುವಂತಿರಲಿಲ್ಲ. ಸುಮಾರು 25 ಲಕ್ಷ ಇಡೀ ಫೋನುಗಳನ್ನೇ ವಾಪಸು ಕರೆಯಲಾಯಿತು. ಬದಲಿಯಾಗಿ ಕೊಟ್ಟವೂ ಹೊತ್ತಿದಾಗ ಆ ಮಾದರಿಯ ತಯಾರಿಕೆಯೇ ನಿಂತಿತು. ಒಂದು ಕಡೆ ಕೆಟ್ಟ ಬಿಡಿಭಾಗ ಹೋಯಿತು, ಇನ್ನೊಂದು ಕಡೆ ಬಿಡಿಭಾಗದೊಂದಿಗೆ ಇಡೀ ಯಂತ್ರವೇ ಹೋಯಿತು. ಎರಡು ವಿನ್ಯಾಸಗಳ ನಡುವಿನ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ತಯಾರಕರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕೈಯಿಂದ ತೆಗೆದು ಹಾಕುವ ಬ್ಯಾಟರಿಗೆ ಗಟ್ಟಿಯಾದ ಕವಚ ಬೇಕು. ಅದು ಜಾಗ ತಿನ್ನುತ್ತದೆ. ಮುಚ್ಚಿದ ಫೋನು ತೆಳ್ಳಗಿರುತ್ತದೆ, ಅದೇ ಜಾಗದಲ್ಲಿ ದೊಡ್ಡ ಬ್ಯಾಟರಿ ಹಿಡಿಯುತ್ತದೆ, ನೀರು ಧೂಳನ್ನು ತಡೆಯುವುದು ಸುಲಭ. ನಕಲಿ ಬ್ಯಾಟರಿಗಳ ಹಾವಳಿ ಆ ಕಾಲದಲ್ಲಿ ಎಷ್ಟಿತ್ತೆಂದರೆ, ಅಸಲಿಯನ್ನು ಗುರುತಿಸಲು ನೋಕಿಯಾ ಹಾಲೋಗ್ರಾಂ ಚೀಟಿಯನ್ನೇ ಅಂಟಿಸಬೇಕಾಯಿತು. ಆದರೆ ನೀರು ತಡೆಯಬೇಕಾದರೆ ಮುಚ್ಚಲೇಬೇಕೆಂಬ ಮಾತು ಪೂರ್ಣ ಸತ್ಯವಲ್ಲ. 2022ರಲ್ಲಿ ಬಂದ ಸ್ಯಾಮ್ಸಂಗ್‌ನದೇ ಎಕ್ಸ್‌ಕವರ್ 6 ಪ್ರೊ ಎಂಬ ಒರಟು ಬಳಕೆಯ ಫೋನಿನಲ್ಲಿ ಬ್ಯಾಟರಿಯನ್ನು ಕೈಯಿಂದಲೇ ತೆಗೆಯಬಹುದು. ಅದಕ್ಕೆ ಐಪಿ68 ದರ್ಜೆಯ ಜಲರಕ್ಷಣೆಯೂ ಇದೆ. ಆಗಬಹುದಾದದ್ದು ಆಗದಿರುವುದಕ್ಕೆ ತಾಂತ್ರಿಕ ಕಾರಣಕ್ಕಿಂತ ವ್ಯಾಪಾರದ ಕಾರಣವೇ ಹೆಚ್ಚೆಂದು ಭಾವಿಸಬೇಕಾಗುತ್ತದೆ.

ಇನ್ನು ಪವರ್ ಬ್ಯಾಂಕಿನ ಲೆಕ್ಕ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 10,000 ಎಂಎಎಚ್ ಎಂದಿರುತ್ತದೆ. ಅದು ಒಳಗಿನ 3.7 ವೋಲ್ಟ್ ಕೋಶಗಳ ಲೆಕ್ಕ, ಎಂದರೆ 37 ವ್ಯಾಟ್-ಗಂಟೆ. ಹೊರಬರುವುದು 5 ವೋಲ್ಟಿನಲ್ಲಿ. ಆ ಲೆಕ್ಕದಲ್ಲಿ ಅದೇ ಶಕ್ತಿ 7,400 ಎಂಎಎಚ್ ಮಾತ್ರ. ವೋಲ್ಟೇಜು ಏರಿಸುವಾಗಿನ ನಷ್ಟವನ್ನೂ ಕಳೆದರೆ ಉಳಿಯುವುದು ಸುಮಾರು ಆರು, ಆರೂವರೆ ಸಾವಿರ. 5,000 ಎಂಎಎಚ್ ಬ್ಯಾಟರಿಯ ಫೋನಿಗೆ ಒಂದು ಪೂರ್ತಿ ಊಟ, ಮೇಲೊಂದು ತುತ್ತು, ಅಷ್ಟೆ. ಬದಲಿ ಬ್ಯಾಟರಿಯಾದರೋ ಈ ಸೋರಿಕೆಯಿಲ್ಲದೆ ತನ್ನಲ್ಲಿರುವುದನ್ನು ನೇರವಾಗಿ ಫೋನಿಗೆ ಕೊಡುತ್ತದೆ. ಅರ್ಧ ನಿಮಿಷದಲ್ಲಿ ಶೂನ್ಯದಿಂದ ನೂರಕ್ಕೆ ಏರಿಸುತ್ತದೆ.

ಹಾಗೆಂದು ಪವರ್ ಬ್ಯಾಂಕನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದರ ಗುಣ ಅದಕ್ಕಿದೆ. ಒಂದೇ ಪವರ್ ಬ್ಯಾಂಕ್ ಮನೆಮಂದಿಯ ಎಲ್ಲ ಫೋನುಗಳಿಗೂ, ಓದುವ ಮಕ್ಕಳ ಯುಎಸ್‌ಬಿ ದೀಪಕ್ಕೂ ಆಗುತ್ತದೆ. ಬದಲಿ ಬ್ಯಾಟರಿ ಒಂದು ಮಾದರಿಗೆ ಮಾತ್ರ. ಅದನ್ನೂ ಎಲ್ಲಾದರೂ ತುಂಬಿಸಿಕೊಂಡೇ ಬರಬೇಕು. ಮೂರು ದಿನ ಕರೆಂಟಿಲ್ಲದ ತೋಟದ ಮನೆಯಲ್ಲಿ ದೊಡ್ಡದೊಂದು ಪವರ್ ಬ್ಯಾಂಕ್ ಆಪದ್ಬಂಧುವೇ ಸರಿ.

ಮುಖ್ಯ ಮಾತು ಇಲ್ಲಿದೆ. ಫೋನಿಗೆ ಎರಡು ಬಗೆಯ ಬಾಧೆ. ಒಂದು ದಿನದ ಹಸಿವು, ಇನ್ನೊಂದು ವರ್ಷಗಳ ಮುಪ್ಪು. ಲಿಥಿಯಂ ಬ್ಯಾಟರಿ ಪ್ರತಿ ಬಾರಿ ತುಂಬಿ ಖಾಲಿಯಾದಾಗಲೂ ಕಿಂಚಿತ್ತು ಸವೆಯುತ್ತದೆ. ಬಿಸಿಯಲ್ಲಿ ಇನ್ನಷ್ಟು ಬೇಗ. ಆ್ಯಪಲ್ ಕಂಪನಿಯೇ ತನ್ನ ಐಫೋನ್ 14ರವರೆಗಿನ ಮಾದರಿಗಳ ಬ್ಯಾಟರಿ 500 ಆವರ್ತಗಳ ಬಳಿಕ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎನ್ನುತ್ತದೆ. ದಿನಕ್ಕೊಂದು ಆವರ್ತವೆಂದರೆ ಅದು ಒಂದೂವರೆ ವರ್ಷಕ್ಕೂ ಕಡಿಮೆ. ಪವರ್ ಬ್ಯಾಂಕ್ ಹಸಿವಿಗೆ ಅನ್ನ ಹಾಕುತ್ತದೆ, ಮುಪ್ಪಿಗೆ ಮದ್ದಾಗಲಾರದು. ನಮ್ಮ ಮಾರುಕಟ್ಟೆ ಮಾಡಿದ್ದೇನೆಂದರೆ, ಮುಪ್ಪಿಗೆ ಮದ್ದು ಕೇಳಿ ಬಂದವರಿಗೆ ಅನ್ನದ ಡಬ್ಬಿ ಮಾರಿದ್ದು. ಆ ಹೆಣ್ಣುಮಗಳಿಗಾದ ವಂಚನೆ ಇದೇ. ಅಂಗಡಿಯಾತನಿಗೂ ಅದು ವಂಚನೆಯೆಂದು ತೋರಿರಲಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಫ್ರೆಂಚ್ ಚಿಂತಕ ಫ್ರೆಡೆರಿಕ್ ಬಾಸ್ಟಿಯಾ 1850ರಲ್ಲಿ ಹೇಳಿದ ಒಡೆದ ಕಿಟಕಿಯ ದೃಷ್ಟಾಂತ ಗೊತ್ತು. ಕಿಟಕಿಯ ಗಾಜು ಒಡೆದರೆ ಗಾಜಿನವನಿಗೆ ಕೆಲಸ ಸಿಕ್ಕಿತೆಂದು ಸಂತೋಷಪಡುವವರು, ಆ ಹಣದಲ್ಲಿ ಮನೆಯೊಡೆಯ ಕೊಳ್ಳಬಹುದಾಗಿದ್ದ ಜೋಡು ಬೂಟನ್ನು ಕಾಣುವುದಿಲ್ಲ. ಪವರ್ ಬ್ಯಾಂಕ್ ಮಾರಾಟವಾದಾಗ ರಾಷ್ಟ್ರೀಯ ಉತ್ಪನ್ನ ಏರುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಫೋನು ಕೊಂಡರೆ ಇನ್ನಷ್ಟು ಏರುತ್ತದೆ. ಅದೇ ಹಣಕ್ಕೆ ಲೈನ್ ಮನೆಯವರು ಕೊಳ್ಳಲಾಗದೆ ಹೋದ ಕಂಬಳಿ, ಪುಸ್ತಕ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಸದ ಲೆಕ್ಕವೂ ಹಾಗೆಯೇ. ಒಂದು ಬ್ಯಾಟರಿಯ ಕೊರತೆ ನೀಗಲು ಇನ್ನೊಂದು ದೊಡ್ಡ ಬ್ಯಾಟರಿ ಕೊಳ್ಳುತ್ತೇವೆ. ಕೊನೆಗೆ ಎರಡೂ ಸೇರುವುದು ಹಳ್ಳಕ್ಕೋ ತಿಪ್ಪೆಗೋ.

ವಿಚಿತ್ರವೆಂದರೆ, ಫೋನಿನಲ್ಲಿ ಆಗದೆಂದ ಕೆಲಸವನ್ನು ರಸ್ತೆಯಲ್ಲಿ ನಾವು ಪ್ರೋತ್ಸಾಹಿಸುತ್ತಿದ್ದೇವೆ. 2017ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸನ್ ಮೊಬಿಲಿಟಿಯಂತಹ ಕಂಪನಿಗಳು ವಿದ್ಯುತ್ ಆಟೊ ಮತ್ತು ದ್ವಿಚಕ್ರ ವಾಹನಗಳಿಗೆ ಬ್ಯಾಟರಿ ಬದಲಿಸಿಕೊಡುತ್ತಿವೆ. 2022ರ ಏಪ್ರಿಲ್‌ನಲ್ಲಿ ನೀತಿ ಆಯೋಗ ಇದಕ್ಕೆಂದೇ ಕರಡು ನೀತಿಯನ್ನು ಪ್ರಕಟಿಸಿತು. ಬದಲಾವಣೆಯೇ ಲಾಭದ ವ್ಯವಹಾರವಾದಲ್ಲಿ ವಿನ್ಯಾಸವೂ ಅದಕ್ಕೆ ಬಾಗುತ್ತದೆ. ಎಲ್ಲಿ ಅದು ಹೊಸ ಫೋನಿನ ಮಾರಾಟಕ್ಕೆ ಅಡ್ಡಿಯೋ ಅಲ್ಲಿ ಕಾನೂನೇ ಮುಂದಾಗಬೇಕು.

ಐರೋಪ್ಯ ಒಕ್ಕೂಟ ಹಾಗೆ ಮುಂದಾಗಿದೆ. ಅದರ 2023ರ ಬ್ಯಾಟರಿ ನಿಯಮಾವಳಿಯ ಪ್ರಕಾರ, 2027ರ ಫೆಬ್ರವರಿ 18ರಿಂದ ಒಯ್ಯಬಹುದಾದ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ಸಾಮಾನ್ಯ ಸಲಕರಣೆಯಿಂದ ತೆಗೆದು ಬದಲಿಸುವಂತಿರಬೇಕು. ಸ್ಮಾರ್ಟ್‌ಫೋನುಗಳಿಗೆಂದೇ ಮಾಡಿದ ಇನ್ನೊಂದು ನಿಯಮ 2025ರ ಜೂನ್ 20ರಿಂದ ಅನ್ವಯವಾಗಿದೆ. 800 ಆವರ್ತಗಳ ಬಳಿಕವೂ ಬ್ಯಾಟರಿಯಲ್ಲಿ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕೆಂಬುದು ಅದರ ಷರತ್ತು. ಕಿಂಡಿಯೂ ಇದೆ: 1,000 ಆವರ್ತಗಳವರೆಗೆ ಬಾಳುವ, ನೀರನ್ನು ತಡೆಯುವ ಫೋನಾದರೆ ಬ್ಯಾಟರಿ ಬದಲಿಸುವ ಕೆಲಸವನ್ನು ಪರಿಣತರಿಗೆ ಮೀಸಲಿಡಬಹುದು. ಆದರೂ ಒಂದು ತತ್ತ್ವ ಸ್ಥಾಪಿತವಾಗಿದೆ: ಒಂದೋ ಬಹುಕಾಲ ಬಾಳಬೇಕು, ಇಲ್ಲವೇ ಸುಲಭವಾಗಿ ಬದಲಿಸಲು ಬರಬೇಕು.

ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು. ಮೊಬೈಲ್ ಮೊದಲಾದ ಸಾಧನಗಳಿಗೆ ದುರಸ್ತಿ ಸೂಚ್ಯಂಕ ರೂಪಿಸಲು ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು; ಆದ್ಯತೆಯ ಬಿಡಿಭಾಗಗಳ ಪಟ್ಟಿಯಲ್ಲಿ ಬ್ಯಾಟರಿಯೂ ಇದೆ. ಇವೆಲ್ಲ ಸ್ವಾಗತಾರ್ಹ. ಆದರೆ ಸೂಚ್ಯಂಕವೆಂಬುದು ಓದಬಲ್ಲವರಿಗೆ, ಆಯ್ಕೆ ಉಳ್ಳವರಿಗೆ. ಕಡಿಮೆ ಬೆಲೆಯ ಫೋನುಗಳೆಲ್ಲವೂ ಮುಚ್ಚಿದವೇ ಆಗಿರುವಲ್ಲಿ ಅಂಕ ನೋಡಿ ಬಡವರು ಆರಿಸುವುದಾದರೂ ಏನನ್ನು? ಕನಿಷ್ಠಪಕ್ಷ ಮೂರು ಕಟ್ಟುಪಾಡುಗಳು ಬೇಕು: ಅಂಟಿನ ಬದಲು ತಿರುಪು, ಮಾರಾಟ ನಿಂತ ಮೇಲೂ ಕೆಲವು ವರ್ಷ ಅಸಲಿ ಬ್ಯಾಟರಿಯ ಪೂರೈಕೆ, ಪೆಟ್ಟಿಗೆಯ ಮೇಲೆಯೇ ಬದಲಿ ಬ್ಯಾಟರಿಯ ಬೆಲೆ. ಗ್ರಾಹಕನ ಪಾಲಿಗೆ ಇವು ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಉಪಯುಕ್ತವಾದ ಸಂಗತಿಗಳು.

ಆ ಉಬ್ಬಿದ ಫೋನನ್ನು ಆಫ್ ಮಾಡಿಸಿ, ಮಣ್ಣಿನ ಕುಂಡವೊಂದರಲ್ಲಿಟ್ಟು, ಮಳೆ ಬಿಡುವು ಕೊಟ್ಟ ದಿನ ಚಿಕ್ಕಮಗಳೂರಿಗೆ ಒಯ್ದೆ. ರಿಪೇರಿಯ ಹುಡುಗ ಅದನ್ನು ಹದವಾಗಿ ಬಿಸಿ ಮಾಡಿ, ತೆಳ್ಳನೆಯ ಪಟ್ಟಿಯಿಂದ ಬಿಡಿಸಿ, ಒಂದು ಗಂಟೆಯ ಶ್ರಮದಿಂದ ಬ್ಯಾಟರಿ ಬದಲಿಸಿದ. ಒಟ್ಟು ಖರ್ಚು ಒಂಬೈನೂರು ರೂಪಾಯಿ, ಫೋನಿನ ಬೆಲೆಯ ಹತ್ತನೆಯ ಒಂದು ಪಾಲು. ಈಗ ಅದು ಬೆಳಗಿನಿಂದ ರಾತ್ರಿಯವರೆಗೆ ತಂತಿಯ ಹಂಗಿಲ್ಲದೆ ನಡೆಯುತ್ತಿದೆ. ಪವರ್ ಬ್ಯಾಂಕೂ ವ್ಯರ್ಥವಾಗಿಲ್ಲ. ಮಳೆಗಾಲದ ಕತ್ತಲಲ್ಲಿ ಮಗಳ ಓದಿಗೆ ದೀಪವಾಗಿದೆ. ಯಾವುದು ಎಲ್ಲಿರಬೇಕೋ ಅಲ್ಲಿ ಬಂದು ಕೂತಿದೆ. ಇಷ್ಟು ಸರಳವಾದ ನ್ಯಾಯಕ್ಕೆ ಒಬ್ಬ ಕೂಲಿಯ ಹೆಣ್ಣುಮಗಳು ಎರಡು ವರ್ಷ ಕಾಯಬೇಕಾಯಿತು ಮತ್ತು ಒಂದು ರಾತ್ರಿ, ತಿಳಿಯದೆಯೇ, ಬೆಂಕಿಯ ಪಕ್ಕದಲ್ಲಿ ಮಲಗಬೇಕಾಯಿತು ಎಂಬುದನ್ನು ನಿಯಮ ಬರೆಯುವವರು ಮರೆಯಬಾರದು.